ಸ್ಕ್ಯಾನಿನಲ್ಲಿ ಕಾಣದ ಏಟು

ದೊಡ್ಡಬೆಳವಂಗಲದ ಹತ್ತಿರ ನಡೆದ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯಲ್ಲಿ ನಾನು ಎಡ ಮೂಲೆಯ ಆಟಗಾರ. ರೈಡರ್‌ನ ಪಾದ ಹಿಡಿಯಲು ಬಿದ್ದಾಗ ಅವನ ಮೊಣಕಾಲು ನನ್ನ ಕಿವಿಯ ಮೇಲ್ಭಾಗಕ್ಕೆ ಬಡಿಯಿತು. ರಕ್ತ ಬರಲಿಲ್ಲ, ಪ್ರಜ್ಞೆಯೂ ತಪ್ಪಲಿಲ್ಲ. ಕಣ್ಣಿಗೆ ಕತ್ತಲೆ ಕಟ್ಟಿತು. ಮುಖಕ್ಕೆ ನೀರು ಚಿಮುಕಿಸಿ, "ಏನೂ ಆಗಿಲ್ಲ, ಏಳೋ ಮಗಾ" ಎಂದು ಎಬ್ಬಿಸಿದರು. ನಾನು ಸ್ಕೋರ್ ಕೇಳಿದೆನಂತೆ. ಹೇಳಿದ ಮೇಲೂ ಮತ್ತೆ ಮತ್ತೆ ಅದನ್ನೇ ಕೇಳಿದೆನಂತೆ. ನನಗೆ ಅದೊಂದೂ ನೆನಪಿಲ್ಲ. ಗಾಬರಿಯಾದ ಅಣ್ಣ ಆಟ ಬಿಡಿಸಿ ಡಾಕ್ಟರಮ್ಮನ ಹತ್ತಿರ ಕರೆದೊಯ್ದ.

ಅವರು ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು. ಡಿಸೆಂಬರ್‌ನಿಂದ ಹಿಂದಕ್ಕೆ ತಿಂಗಳು ಹೇಳು ಎಂದರು. ಸೆಪ್ಟೆಂಬರ್ ಆದ ಮೇಲೆ ನನಗೆ ಮುಂದೆ ಹೊಳೆಯಲಿಲ್ಲ. ಅಷ್ಟರಲ್ಲಿ ವಾಂತಿ ಶುರುವಾಯಿತು. "ಮಿದುಳು ಅಲುಗಿದೆ, ಕನ್ಕಷನ್ ಇರಬೇಕು. ಆದರೆ ಒಳಗೆ ರಕ್ತ ಸೋರುತ್ತಿಲ್ಲ ಅಂತ ಇಲ್ಲಿ ಕೂತು ಹೇಳೋಕಾಗಲ್ಲ, ಈಗಲೇ ಹೊರಡಿ" ಎಂದು ಬೆಂಗಳೂರಿನ ನಿಮ್ಹಾನ್ಸ್‌ಗೆ ಚೀಟಿ ಬರೆದರು. ದಾರಿಯುದ್ದಕ್ಕೂ ಅಮ್ಮ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಸರು ಕರೆದು ಮಾತಾಡಿಸುತ್ತಲೇ ಇದ್ದರು.

ಸಿ.ಟಿ. ಸ್ಕ್ಯಾನ್ ನಾರ್ಮಲ್ ಬಂತು. ನಿಜವಾದ ಕಷ್ಟ ಶುರುವಾದದ್ದು ಅಲ್ಲಿಂದ. "ಸ್ಕ್ಯಾನೇ ಸರಿಯಾಗಿದೆ ಅಂದ್ಮೇಲೆ ಇನ್ನೇನು?" ಎಂದು ಬಂದವರೆಲ್ಲ ಕೇಳುವವರೇ. ನಾನು ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗ ನಡೆಸುವವನು. ನೇಯ್ದರೆ ಕೂಲಿ, ಇಲ್ಲದಿದ್ದರೆ ಇಲ್ಲ. ಕೆಲಸಕ್ಕೆ ಹೋದೆ. ಹುಟ್ಟಿದಾಗಿನಿಂದ ಕೇಳಿದ ಮಗ್ಗದ ಸದ್ದು ಅಂದು ಹಣೆಗೆ ಮೊಳೆ ಹೊಡೆದಂತಾಯಿತು. ಹಾಸಿನಲ್ಲಿ ಒಂದು ಎಳೆ ಕಡಿದಿತ್ತು. ಗಂಟು ಹಾಕಲು ಬಗ್ಗಿದರೆ ಒಂದು ಎಳೆ ಎರಡಾಗಿ ಕಂಡಿತು. ಬೆರಳಿಗೆ ಸಿಕ್ಕಿದ್ದು ಪಕ್ಕದ ಎಳೆ. ಮಗ್ಗ ನಿಲ್ಲಿಸಿ ಗೋಡೆ ಹಿಡಿದುಕೊಂಡು ಹೊರಗೆ ಬಂದೆ. ಮನೆಯಲ್ಲಿ ಟ್ಯೂಬ್‌ಲೈಟ್ ಬೆಳಕು ಸಹಿಸಲಾಗುತ್ತಿರಲಿಲ್ಲ. ಅಮ್ಮನ ಮೇಲೆ ಸುಮ್ಮಸುಮ್ಮನೆ ರೇಗುತ್ತಿದ್ದೆ. ರಾತ್ರಿ ನಿದ್ದೆ ಬರದೆ, ಬುದ್ಧಿ ಇನ್ನು ಹೀಗೇ ಉಳಿದುಬಿಟ್ಟರೆ ಎಂದು ಅತ್ತಿದ್ದೂ ಇದೆ.

ಡಾಕ್ಟರಮ್ಮ ಮನೆಯವರನ್ನೆಲ್ಲ ಕೂರಿಸಿ ತಿಳಿಸಿದರು: ಮೂಳೆ ಮುರಿದರೆ, ರಕ್ತ ಸೋರಿದರೆ ಸ್ಕ್ಯಾನ್ ತೋರಿಸುತ್ತದೆ, ಮಿದುಳಿನ ಕೆಲಸ ಏರುಪೇರಾದದ್ದನ್ನು ತೋರಿಸುವುದಿಲ್ಲ. ಮೊದಲ ಒಂದೆರಡು ದಿನ ವಿಶ್ರಾಂತಿ, ಮೊಬೈಲ್ ದೂರ. ಆಮೇಲೆ ಸುಮ್ಮನೆ ಮಲಗಿರಬಾರದು; ನಿಧಾನ ನಡಿಗೆ, ಹಗುರ ಕೆಲಸ, ನಂತರ ಓಟ. ನೋವು ಜಾಸ್ತಿಯಾದರೆ ಅಲ್ಲಿಗೇ ನಿಲ್ಲಿಸಬೇಕು. ಹಿಡಿತದ ಆಟ ಎಲ್ಲಕ್ಕಿಂತ ಕೊನೆಗೆ, ಅದೂ ಅವರು ಒಪ್ಪಿದ ಮೇಲೆ. ಮೊದಲ ಏಟು ಮಾಯುವ ಮುನ್ನ ಇನ್ನೊಂದು ಬಿದ್ದರೆ ಮಿದುಳು ಊದಿಕೊಂಡು ಪ್ರಾಣಕ್ಕೇ ಬರಬಹುದು. ಅಪರೂಪ, ಆದರೆ ಆಗುವುದು ಹೆಚ್ಚಾಗಿ ಹುಡುಗರಿಗೇ.

ಅವರು ಹೇಳಿದಂತೆ ನಡೆದು ಚೇತರಿಸಿಕೊಂಡೆ. ಮಗ್ಗಕ್ಕೂ ಮರಳಿದೆ, ಅಂಕಣಕ್ಕೂ ಇಳಿದೆ.

ತಾನೇ ಎದ್ದು ನಡೆದನಲ್ಲ ಎಂದು ಯಾರೂ ಸಮಾಧಾನಪಟ್ಟುಕೊಳ್ಳಬೇಡಿ. 1998ರ ಫೆಬ್ರುವರಿಯಲ್ಲಿ ಢಾಕಾದಲ್ಲಿ ತಲೆಗೆ ಚೆಂಡು ಬಡಿದಾಗ ಕ್ರಿಕೆಟಿಗ ರಮಣ್ ಲಾಂಬಾ ನಡೆದುಕೊಂಡೇ ಮೈದಾನದಿಂದ ಹೊರಬಂದಿದ್ದರು. ಮೂರು ದಿನಗಳಲ್ಲಿ ತೀರಿಕೊಂಡರು. 2019ರಿಂದ ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲಿ ಕನ್ಕಷನ್ ಆದವನ ಬದಲು ಇನ್ನೊಬ್ಬನನ್ನು ಇಳಿಸಬಹುದು. 2020ರಲ್ಲಿ ಕ್ಯಾನ್‌ಬೆರಾದಲ್ಲಿ ಜಡೇಜ ಬದಲು ಚಾಹಲ್ ಇಳಿದದ್ದು ಹಾಗೆಯೇ. ನಮ್ಮ ಕಬಡ್ಡಿಯಲ್ಲಂತೂ 7 ಜನ ಒಳಗಿದ್ದರೆ ಹೊರಗೆ ಬದಲಿ ಆಟಗಾರರು ಕಾದಿರುತ್ತಾರೆ.

ಪಂದ್ಯಾವಳಿ ನಡೆಸುವ ಅಣ್ಣಂದಿರಲ್ಲಿ ನನ್ನ ಬೇಡಿಕೆ ಇಷ್ಟೇ: ತಲೆಗೆ ಏಟು ಬಿದ್ದು ತಬ್ಬಿಬ್ಬಾದ ಹುಡುಗನನ್ನು ಆ ದಿನ ಮತ್ತೆ ಆಡಿಸಬೇಡಿ, ಒಬ್ಬನೇ ಮನೆಗೆ ಕಳಿಸಬೇಡಿ. ಪದೇ ಪದೇ ವಾಂತಿ, ಫಿಟ್ಸ್, ಏರುತ್ತಿರುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಕೈಕಾಲಿನಲ್ಲಿ ಬಲಹೀನತೆ: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.