ಹಿಂದಿನ ಪುಟದ ಬಾಕಿ

ನಲವತ್ತೈದು ದಾಟಿದ ಬ್ಯಾಂಕ್ ಗುಮಾಸ್ತನೊಬ್ಬ ಜಪಾನಿನ ಕಾರ್ಟೂನುಗಳ ಕುರಿತು ಪ್ರಬಂಧ ಬರೆಯುತ್ತಾನೆಂದರೆ ನಗುವವರು ನಗಲಿ. ನಮ್ಮ ಶಾಖೆಯಲ್ಲಿ ಈಗಾಗಲೇ ನಕ್ಕು ಮುಗಿದಿದೆ. ಊಟದ ಬಿಡುವಿನಲ್ಲಿ ಒಬ್ಬರು ಅಡಕೆಯ ಧಾರಣೆ, ಇನ್ನೊಬ್ಬರು ಮಗಳ ಮದುವೆ, ಮತ್ತೊಬ್ಬರು ಮೋಹನ್‌ಲಾಲರ ಹೊಸ ಚಿತ್ರ ಎಂದು ಮಾತಾಡುತ್ತಿರುವಾಗ ನಾನು ‘ಅನಿಮೆ’ ಎಂದರೆ, “ಮಕ್ಕಳು ನೋಡುವುದನ್ನು ನೀವೂ ನೋಡುತ್ತೀರಾ ಮಾರಾಯರೇ?” ಎಂಬ ಪ್ರಶ್ನೆ ಬರುತ್ತದೆ. ನೋಡುತ್ತೇನೆ. ಆನಿಮೇಶನ್ ಎಂಬ ಇಂಗ್ಲಿಷ್ ಶಬ್ದವನ್ನು ಜಪಾನಿನವರು ಕತ್ತರಿಸಿ ಅನಿಮೆ ಎಂದು ಮಾಡಿಕೊಂಡರು. ಡಿಮಾಂಡ್ ಡ್ರಾಫ್ಟನ್ನು ನಾವು ಡಿ.ಡಿ. ಮಾಡಿಕೊಂಡ ಹಾಗೆ. ಅಂಥ ಸರಣಿಗಳು ವರ್ಷ ವರ್ಷವೂ ರಾಶಿ ರಾಶಿಯಾಗಿ ಬರುತ್ತವೆ. ಹೆಚ್ಚಿನವು ಬಂದ ಹಾಗೆಯೇ ಹೋಗುತ್ತವೆ. ಕೆಲವು ಮಾತ್ರ ಮನಸ್ಸಿನಲ್ಲಿ ಕೂತುಬಿಡುತ್ತವೆ. ಹಾಗೆ ಕೂರುವುದಕ್ಕೆ ಕಾರಣವೇನು ಎಂಬುದಷ್ಟೇ ಇಲ್ಲಿ ನನ್ನ ವಿಚಾರ.

ನನ್ನ ಪ್ರಾಯದವರಿಗೆ ಇದು ಹೊಸತೇನಲ್ಲ. ಹೆಸರು ಮಾತ್ರ ಹೊಸತು. 1993ರಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ‘ಜಂಗಲ್ ಬುಕ್’ ಬರುತ್ತಿದ್ದುದು ಅನೇಕರಿಗೆ ನೆನಪಿರಬಹುದು. ಜಪಾನಿನ ನಿಪ್ಪಾನ್ ಆನಿಮೇಶನ್ ಸಂಸ್ಥೆ 1989ರಲ್ಲಿ ತಯಾರಿಸಿದ 52 ಕಂತುಗಳ ಸರಣಿ ಅದು. ಕತೆ ಬರೆದ ಕಿಪ್ಲಿಂಗ್ ಮುಂಬಯಿಯಲ್ಲಿ ಹುಟ್ಟಿದ ಇಂಗ್ಲಿಷ್ ಲೇಖಕ. ಕಾಡು ಮಧ್ಯಪ್ರದೇಶದ ಸಿವನಿಯದು. ಚಿತ್ರ ಬಿಡಿಸಿದವರು ಜಪಾನೀಯರು. ಹಿಂದಿ ಹಾಡು ಗುಲ್ಜಾರರದು, ಸಂಗೀತ ವಿಶಾಲ್ ಭಾರದ್ವಾಜರದು. ಇಷ್ಟೆಲ್ಲ ದಾಟಿ ಬಂದದ್ದನ್ನು ನೆರೆಮನೆಯ ಚಾವಡಿಯಲ್ಲಿ ಕೂತು ನೋಡುತ್ತಿದ್ದವರು ನಾವು: ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುವ, ಹಿಂದಿಯ ಗಂಧವೂ ಇಲ್ಲದ ಕಾಸರಗೋಡಿನ ಮಕ್ಕಳು. ಆದರೂ ಅರ್ಥವಾಗಲಿಲ್ಲ ಎಂದು ಒಬ್ಬನೂ ಎದ್ದುಹೋದದ್ದಿಲ್ಲ. ಅರ್ಧ ಗೊತ್ತಿರುವ ಭಾಷೆಯಲ್ಲಿ ಪೂರ್ತಿ ವ್ಯವಹಾರ ನಡೆಸುವುದು ಗಡಿನಾಡಿನವರಿಗೆ ಹುಟ್ಟಿನಿಂದಲೇ ಅಭ್ಯಾಸ.

ಆ ಸರಣಿಯಲ್ಲಿ ನಮ್ಮನ್ನು ಹಿಡಿದು ಕೂರಿಸಿದ್ದು ಏನೆಂಬುದು ಆಗ ತಿಳಿಯಲಿಲ್ಲ. ಈಗ ಯೋಚಿಸಿದರೆ ಒಂದು ಸಂಗತಿ ಕಾಣುತ್ತದೆ. ಅದುವರೆಗೆ ನಾವು ಕಂಡಿದ್ದ ಕಾರ್ಟೂನುಗಳಲ್ಲಿ ಬೆಕ್ಕಿನ ಮೇಲೆ ರೋಲರ್ ಹರಿದು ಅದು ಹಪ್ಪಳವಾದರೂ ಮರುಕ್ಷಣ ಎದ್ದು ಓಡುತ್ತಿತ್ತು. ನಿನ್ನೆ ಆದದ್ದು ಇವತ್ತಿಗೆ ಇಲ್ಲ. ಮೋಗ್ಲಿ ಹಾಗಲ್ಲ. ಕೂಸಾಗಿ ಕಾಡಿಗೆ ಬಂದವನು ವಾರ ಕಳೆದಂತೆ ಬೆಳೆದ. ಬೆಳೆದ ಹಾಗೆ ಅವನ ಸಂಕಟಗಳೂ ಬೆಳೆದವು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೈಬರಹದ ಲೆಜರುಗಳು ಇನ್ನೂ ಇದ್ದವು. ಪುಟ ಮುಗಿದಾಗ ಕೆಳಗಿನ ಮೊತ್ತವನ್ನು ಮುಂದಿನ ಪುಟದ ನೆತ್ತಿಯಲ್ಲಿ ಬರೆಯದೆ ಹೊಸ ಜಮೆ ಬರೆಯುವಂತಿರಲಿಲ್ಲ. ಒಳ್ಳೆಯ ಸರಣಿಯ ಮೊದಲ ಲಕ್ಷಣವೂ ಅದೇ ಎಂದು ನನಗೆ ತೋರುತ್ತದೆ. ಅಲ್ಲಿ ಹಿಂದಿನ ಪುಟದ ಬಾಕಿ ಮುಂದಿನ ಪುಟಕ್ಕೆ ಬರುತ್ತದೆ. ನಡೆದದ್ದು ನಡೆದದ್ದೇ.

ಚಿತ್ರ ಎಷ್ಟು ಚೆನ್ನಾಗಿ ಓಡುತ್ತದೆ, ಕುಣಿಯುತ್ತದೆ ಎಂಬುದು ದೊಡ್ಡ ಮಾತಲ್ಲವೇ ಎಂದು ನೀವು ಕೇಳಬಹುದು. ಇದಕ್ಕೆ ಅನಿಮೆಯ ಜಾತಕವನ್ನೇ ನೋಡಬೇಕು. 1963ರ ಜನವರಿ 1ರಂದು ಒಸಾಮು ತೆಜುಕಾ ಅವರ ಮುಶಿ ಪ್ರೊಡಕ್ಷನ್ ‘ತೆತ್ಸುವಾನ್ ಅಟೊಮು’ವನ್ನು ಜಪಾನಿನ ಟೆಲಿವಿಷನ್ನಿನಲ್ಲಿ ಆರಂಭಿಸಿತು. ಹೊರದೇಶಗಳಲ್ಲಿ ಅದರ ಹೆಸರು ‘ಆಸ್ಟ್ರೋ ಬಾಯ್’. ವಾರಕ್ಕೊಂದು ಅರ್ಧ ಗಂಟೆಯ ಕಂತು. ಹಣವೂ ಕಡಿಮೆ, ಸಮಯವೂ ಕಡಿಮೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಒಂದೊಂದು ಚಿತ್ರವನ್ನು ಮೂರು ಚೌಕಟ್ಟುಗಳಷ್ಟು ಹೊತ್ತು ನಿಲ್ಲಿಸಿದರೆ ಸೆಕೆಂಡಿಗೆ 8 ಚಿತ್ರಗಳಲ್ಲಿ ಸುಧಾರಿಸಬಹುದು. ಬಾಯಿ ಮಾತ್ರ ಅಲುಗಾಡಿಸಿ ಮುಖವನ್ನು ಹಾಗೇ ಬಿಡಬಹುದು. ಒಮ್ಮೆ ಬಿಡಿಸಿದ ಚಿತ್ರಗಳನ್ನು ಜೋಪಾನವಾಗಿಟ್ಟು, ಬೇಕಾದಾಗ ತೆಗೆದು ಮತ್ತೆ ಬಳಸಬಹುದು. ಈ ಕೊನೆಯ ಏರ್ಪಾಡಿಗೆ ಅವರಿಟ್ಟ ಹೆಸರು ‘ಬ್ಯಾಂಕ್’! ಇದನ್ನು ಓದಿದ ದಿನ ನನಗಾದ ಸಂತೋಷವನ್ನು ಮೇಜಿನ ಆಚೆ ನಿಂತ ಗಿರಾಕಿಗಳಿಗೆ ಹೇಳಲಾಗದೆ ಹೋಯಿತು.

ಚಿತ್ರಕ್ಕೆ ಓಡುವ ಶಕ್ತಿ ಇಲ್ಲದಾಗ ಕತೆಯೇ ಓಡಬೇಕಾಯಿತು. ಅಟೊಮು ಯಾರು? ವಾಹನ ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ವಿಜ್ಞಾನಿಯೊಬ್ಬ ಆ ಮಗನ ರೂಪದಲ್ಲೇ ಮಾಡಿದ ಯಂತ್ರಬಾಲಕ. ಎಲ್ಲವೂ ಮಗನ ಹಾಗೆಯೇ. ಆದರೆ ಈ ಹುಡುಗ ಬೆಳೆಯುವುದಿಲ್ಲ. ಅದು ಅರಿವಾದಾಗ ತಂದೆ ಅವನನ್ನು ಸರ್ಕಸ್ಸಿಗೆ ಮಾರಿಬಿಡುತ್ತಾನೆ. ಮಕ್ಕಳಿಗೆಂದು ಮಾಡಿದ ಕಪ್ಪು ಬಿಳುಪು ಸರಣಿಯ ಆರಂಭವೇ ಇದು. ಹೋದವರ ಜಾಗಕ್ಕೆ ಬದಲಿ ವ್ಯವಸ್ಥೆ ಇಲ್ಲ ಎಂಬ ಕಹಿಯನ್ನು ಬಚ್ಚಿಡದೆ ಮೊದಲ ಪುಟದಲ್ಲೇ ಬರೆದಿಟ್ಟ ಮೇಲೆ ಉಳಿದ ಸಾಹಸಗಳೆಲ್ಲ ಆ ಬಾಕಿಯನ್ನು ಹೊತ್ತುಕೊಂಡೇ ನಡೆಯುತ್ತವೆ.

ಎರಡನೆಯ ಲಕ್ಷಣ ತಾಳ್ಮೆ. 1974ರ ‘ಹೈದಿ’ಯನ್ನು ನೋಡಿ. ನಿರ್ದೇಶನ ಇಸಾವೊ ತಕಹಾತಾ ಅವರದು. ದೃಶ್ಯಗಳ ವಿನ್ಯಾಸ ಮಾಡಿದವರು ಮುಂದೆ ಜಗತ್ಪ್ರಸಿದ್ಧರಾದ ಹಯಾವೊ ಮಿಯಾಜಾಕಿ. ಸ್ವಿಟ್ಜರ್ಲೆಂಡಿನ ಜೊಹಾನ್ನಾ ಸ್ಪೀರಿ ಬರೆದ ಕಾದಂಬರಿಗಾಗಿ ಇವರು ಆ ದೇಶಕ್ಕೇ ಹೋಗಿ ಬೆಟ್ಟ, ಮನೆ, ಹುಲ್ಲುಗಾವಲುಗಳನ್ನು ಕಣ್ಣಾರೆ ಕಂಡು ಬಂದರು. ಒಟ್ಟು 52 ಕಂತುಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಬೆಟ್ಟದ ಮೇಲೆಯೇ ಕಳೆಯುತ್ತದೆ. ಅಲ್ಲಿ ‘ಏನೂ ನಡೆಯುವುದಿಲ್ಲ’. ಅನಾಥ ಹುಡುಗಿ ಅಜ್ಜನ ಜತೆ ಇರುತ್ತಾಳೆ. ಆಡು ಕಾಯುವ ಹುಡುಗನ ಹಿಂದೆ ಓಡುತ್ತಾಳೆ. ಹುಲ್ಲಿನ ಹಾಸಿಗೆಯಲ್ಲಿ ಮಲಗುತ್ತಾಳೆ. ಅಜ್ಜ ಬೆಂಕಿಯೆದುರು ಚೀಸಿನ ತುಂಡು ಹಿಡಿದು ಕರಗಿಸಿ ಬ್ರೆಡ್ಡಿನ ಮೇಲೆ ಹಾಕಿಕೊಡುತ್ತಾನೆ. ನಮ್ಮಲ್ಲಿ ಹಲಸಿನ ಹಪ್ಪಳವನ್ನು ಕೆಂಡದಲ್ಲಿ ಸುಡುವುದನ್ನು ಮಕ್ಕಳು ನೋಡುವ ಹಾಗೆ ನಾವು ಅದನ್ನು ನೋಡುತ್ತಾ ಕೂರುತ್ತೇವೆ. ಆಮೇಲೆ ಅವಳನ್ನು ಫ್ರಾಂಕ್‌ಫರ್ಟ್ ಪಟ್ಟಣಕ್ಕೆ ಒಯ್ಯುತ್ತಾರೆ. ಅಲ್ಲಿ ಕಿಟಕಿ ತೆರೆದರೆ ಬೆಟ್ಟವಿಲ್ಲ. ನಿದ್ದೆಯಲ್ಲೇ ಎದ್ದು ನಡೆಯುವ ಸ್ಥಿತಿಗೆ ಆ ಮಗು ಬರುವಾಗ ಅವಳು ಕಳೆದುಕೊಂಡದ್ದು ಏನು ಎಂದು ಯಾರೂ ನಮಗೆ ವಿವರಿಸಬೇಕಾಗಿಲ್ಲ. ವಾರ ವಾರವೂ ನಾವೇ ಅದನ್ನು ಅವಳ ಜತೆ ಜಮೆ ಮಾಡಿದ್ದೇವೆ. ಜಮೆ ಇಲ್ಲದ ಖಾತೆಯಿಂದ ಕಣ್ಣೀರು ತೆಗೆಯಲು ಹೊರಡುವ ಸರಣಿಗಳೇ ಹೆಚ್ಚು. ಅಂಥ ಚೆಕ್ಕು ಪಾಸಾಗುವುದಿಲ್ಲ.

ಸುಮ್ಮನಿರುವ ಧೈರ್ಯವೂ ಈ ತಾಳ್ಮೆಯದೇ ಇನ್ನೊಂದು ಮುಖ. ಹಿದೆಆಕಿ ಅನ್ನೊ ನಿರ್ದೇಶಿಸಿದ ‘ಇವಾಂಜೆಲಿಯನ್’ 1995ರಲ್ಲಿ ಬಂದದ್ದು, 26 ಕಂತು. ದೈತ್ಯ ಯಂತ್ರಗಳ ಕಾಳಗದ ಕತೆ. ಆದರೆ ನನಗೆ ನೆನಪುಳಿದದ್ದು 22ನೆಯ ಕಂತಿನ ಲಿಫ್ಟ್. ಪರಸ್ಪರ ಆಗದ ಇಬ್ಬರು ಹುಡುಗಿಯರು ಒಳಗೆ ನಿಂತಿದ್ದಾರೆ. ಸುಮಾರು ಒಂದು ನಿಮಿಷದಷ್ಟು ಹೊತ್ತು ಹೆಚ್ಚುಕಡಿಮೆ ಏನೂ ಅಲುಗಾಡುವುದಿಲ್ಲ. ಲಿಫ್ಟಿನ ಸದ್ದು ಮಾತ್ರ. ಹಣ ಉಳಿಸಲು ಕಲಿತ ವಿದ್ಯೆ ಇಲ್ಲಿ ಮನಸ್ಸನ್ನು ತೋರಿಸುವ ವಿದ್ಯೆಯಾಗಿಬಿಟ್ಟಿದೆ. ಒಂದೇ ಮನೆಯಲ್ಲಿ ಮಾತು ಬಿಟ್ಟ ಇಬ್ಬರ ನಡುವೆ ಊಟಕ್ಕೆ ಕೂತವರಿಗೆ ಆ ನಿಮಿಷದ ಉದ್ದ ಗೊತ್ತಿರುತ್ತದೆ.

ಇನ್ನು ಕುತೂಹಲದ ಮಾತು. ಮುಂದೇನು ಎಂಬುದನ್ನು ಹೇಳಿಬಿಟ್ಟರೆ ಇಂದಿನ ಮಕ್ಕಳಿಗೆ ಸಿಟ್ಟು ಬರುತ್ತದೆ. ನಮ್ಮೂರಿನ ತಾಳಮದ್ದಳೆಯಲ್ಲಿ ಕರ್ಣಪರ್ವಕ್ಕೆ ಬಂದು ಕೂತವರಲ್ಲಿ ಕರ್ಣ ಸಾಯುತ್ತಾನೆಂದು ತಿಳಿಯದವರು ಯಾರಿದ್ದಾರೆ? ತಿಳಿದೇ ಕೂರುತ್ತೇವೆ, ಬೆಳಗಿನ ಜಾವ ಕಣ್ಣೊರಸಿಕೊಂಡೇ ಏಳುತ್ತೇವೆ. ಕೊನೆ ಗೊತ್ತಿದ್ದೂ ಎರಡನೆಯ ಸಲ ನೋಡಬೇಕೆನಿಸುವುದೇ ದೊಡ್ಡ ಸರಣಿಗೆ ಪರೀಕ್ಷೆ. ಹಾಗಾಗಿ ಮುಂದೆ ನಾನು ಕೊನೆಯನ್ನೂ ಹೇಳುವವನಿದ್ದೇನೆ, ಓದುಗರು ಬೇಸರಿಸಬಾರದು.

ನನ್ನ ಅಮ್ಮ ತೀರಿಕೊಂಡ ವರ್ಷ ಮಗಳು ಒಂಬತ್ತನೆಯ ತರಗತಿಯಲ್ಲಿದ್ದಳು. ಅಜ್ಜಿಯ ಮಗ್ಗುಲಲ್ಲಿ ಮಲಗಿ ಬೆಳೆದ ಮಗು. ಅತ್ತದ್ದು ಕಡಿಮೆ, ಮಾತು ನಿಂತದ್ದು ಹೆಚ್ಚು. ಆ ದಿನಗಳಲ್ಲಿ ಅವಳು ರಾತ್ರಿ ‘ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್’ ನೋಡತೊಡಗಿದಳು. ನಾನು ಪಕ್ಕದಲ್ಲಿ ಸುಮ್ಮನೆ ಕೂರುತ್ತಿದ್ದೆ. ಹೊಕ್ಕೈದೊದಲ್ಲಿ ಹಾಲಿನ ಹಸುಗಳನ್ನು ಸಾಕುವ ಮನೆಯಲ್ಲಿ ಹುಟ್ಟಿದ ಹಿರೊಮು ಅರಕಾವಾ ಎಂಬ ಹೆಂಗಸು 2001ರಿಂದ 2010ರವರೆಗೆ ಬರೆದ ಚಿತ್ರಕಥೆ ಅದು. ಅದನ್ನು ಆಧರಿಸಿದ 64 ಕಂತುಗಳ ಈ ಸರಣಿ 2009ರಲ್ಲಿ ತೊಡಗಿ, ಮೂಲ ಕತೆ ಮುಗಿದ ಮರುತಿಂಗಳು, 2010ರ ಜುಲೈಯಲ್ಲಿ, ಅದೇ ಮುಕ್ತಾಯದೊಂದಿಗೆ ನಿಂತಿತು. ಎಲ್ಲಿ ನಿಲ್ಲಬೇಕೆಂದು ಗೊತ್ತಿದ್ದ ಸರಣಿ.

ಎಡ್ವರ್ಡ್, ಅಲ್ಫೋನ್ಸ್ ಎಂಬ ಇಬ್ಬರು ಹುಡುಗರು ತೀರಿಹೋದ ತಾಯಿಯನ್ನು ರಸವಿದ್ಯೆಯಿಂದ ಮರಳಿ ತರಲು ಯತ್ನಿಸುತ್ತಾರೆ. ಆ ವಿದ್ಯೆಯ ನಿಯಮ ಒಂದೇ: ಪಡೆಯುವುದಕ್ಕೆ ಸಮನಾದದ್ದನ್ನು ಕೊಡಬೇಕು. ಅಣ್ಣನ ಎಡಗಾಲು ಹೋಗುತ್ತದೆ. ತಮ್ಮನ ಇಡೀ ದೇಹವೇ ಹೋಗುತ್ತದೆ. ಬಲಗೈ ಕೊಟ್ಟು ಅಣ್ಣ ತಮ್ಮನ ಜೀವವನ್ನು ಒಂದು ಕಬ್ಬಿಣದ ಕವಚಕ್ಕೆ ಕಟ್ಟುತ್ತಾನೆ. ತಾಯಿ ಬರುವುದಿಲ್ಲ. ಮಗಳು ಪರದೆ ನಿಲ್ಲಿಸಿ ಕೇಳಿದಳು: “ಅಪ್ಪ, ಅಜ್ಜಿಯನ್ನು ತರಲಿಕ್ಕೆ ಆಗುವುದಾದರೆ ನೀವು ಏನು ಕೊಡುತ್ತಿದ್ದಿರಿ?” ದಿನವಿಡೀ ಕೊಡುಕೊಳ್ಳುವ ವ್ಯವಹಾರದಲ್ಲೇ ಇರುವ ನನಗೆ ಉತ್ತರ ಹೊಳೆಯಲಿಲ್ಲ. ತಿಂಗಳಾದ ಮೇಲೆ ಅವಳು ಮೊದಲ ಸಲ ಅಜ್ಜಿಯ ಹೆಸರೆತ್ತಿದ್ದಳು. ನನಗೆ ಅಷ್ಟೇ ಸಾಕಿತ್ತು.

ಇದೇ ಸರಣಿಯ 20ನೆಯ ಕಂತಿನಲ್ಲಿ ಎಡ್ವರ್ಡ್ ತಾವು ಅಂದು ಹೂತದ್ದನ್ನು ಅಗೆದು ನೋಡುತ್ತಾನೆ. ಅದು ತಾಯಿಯದಲ್ಲ, ತಾಯಿ ಬಂದೇ ಇರಲಿಲ್ಲ ಎಂದು ತಿಳಿಯುತ್ತದೆ. ಮೊದಲ ಪುಟದ ನಮೂದನ್ನು ಇಷ್ಟು ದೂರ ಬಂದ ಮೇಲೆ ಮತ್ತೆ ತೆಗೆದು ಪರಿಶೀಲಿಸುವ ಪ್ರಾಮಾಣಿಕತೆ ಎಷ್ಟು ಕತೆಗಳಿಗಿದೆ? 10ನೆಯ ಕಂತಿನಲ್ಲಿ ಹ್ಯೂಸ್ ಎಂಬ ಅಧಿಕಾರಿಯ ಸಾವು ಬರುತ್ತದೆ. ಎಲ್ಲರಿಗೂ ಮಗಳ ಫೋಟೊ ತೋರಿಸುತ್ತಾ ತಲೆ ತಿನ್ನುವ ನಗೆಮುಖದ ಮನುಷ್ಯ. ಮಣ್ಣು ಹಾಕುವಾಗ ಆ ಪುಟ್ಟ ಮಗಳು, ಅಪ್ಪನಿಗೆ ಮಾಡಲಿಕ್ಕೆ ಕೆಲಸ ಬಹಳ ಇದೆಯಲ್ಲ, ಯಾಕೆ ಹೂಳುತ್ತೀರಿ ಎಂಬರ್ಥದಲ್ಲಿ ಕೇಳುತ್ತಾಳೆ. ನಾನು ಎದ್ದು ನೀರು ಕುಡಿಯುವ ನೆಪದಲ್ಲಿ ಅಡಿಗೆಮನೆಗೆ ಹೋದೆ.

ನೆನಪಾದದ್ದು ಕೌಂಟರಿನ ಒಂದು ಪ್ರಸಂಗ. ಗಲ್ಫಿನಲ್ಲಿದ್ದ ಮಗ ತೀರಿಕೊಂಡು, ಅವನ ಖಾತೆ ಮುಚ್ಚಲು ವಯಸ್ಸಾದ ತಾಯಿ ಬಂದಿದ್ದರು. ಅರ್ಜಿ, ಮರಣಪತ್ರ, ನಾಮಿನಿಯ ಸಹಿ, ಎಲ್ಲ ಸರಿಯಿತ್ತು. ಎಣಿಸಿಕೊಟ್ಟ ಹಣವನ್ನು ಆಕೆ ನೋಡಲಿಲ್ಲ. “ಆ ಪುಸ್ತಕ ನನಗೆ ಕೊಡುತ್ತೀಯಾ ಮೋನೇ?” ಎಂದು ಮಲಯಾಳದಲ್ಲಿ ಕೇಳಿದರು. ತಿಂಗಳು ತಿಂಗಳು ಮಗ ಕಳಿಸಿದ್ದು ಅದರಲ್ಲಿ ಸಾಲಾಗಿ ಅಚ್ಚಾಗಿತ್ತು. ಮುದ್ರೆ ಒತ್ತಿ ಕೊಟ್ಟೆ. ನಮ್ಮ ಲೆಕ್ಕದಲ್ಲಿ ಆ ಖಾತೆಯ ಬಾಕಿ ಸೊನ್ನೆ. ಆಕೆಯ ಲೆಕ್ಕ ಬೇರೆ.

ದೊಡ್ಡ ಸರಣಿ ಈ ಎರಡನೆಯ ಲೆಕ್ಕವನ್ನು ಬಲ್ಲುದು. ಎಲ್ಲವನ್ನೂ ಬರೆದಿಡುತ್ತದೆ, ಆದರೆ ಎಲ್ಲವೂ ತಾಳೆಯಾಗುತ್ತದೆಂದು ಸುಳ್ಳು ಹೇಳುವುದಿಲ್ಲ. ಕೊನೆಯಲ್ಲಿ ಎಡ್ವರ್ಡ್ ತನ್ನ ವಿದ್ಯೆಯನ್ನೇ ಕೊಟ್ಟು ತಮ್ಮನನ್ನು ಪಡೆಯುತ್ತಾನೆ. ಕೈ ಮರಳಿ ಬರುತ್ತದೆ. ಕಾಲು ಬರುವುದಿಲ್ಲ, ಕಬ್ಬಿಣದ್ದೇ ಉಳಿಯುತ್ತದೆ. ಸಮಕ್ಕೆ ಸಮ ಎಂಬ ನಿಯಮವನ್ನು ಸಹೋದರರು ತಿದ್ದುವುದೂ ಆಗಲೇ: ಹತ್ತು ಪಡೆದರೆ ತಮ್ಮದೊಂದನ್ನು ಸೇರಿಸಿ ಹನ್ನೊಂದು ಕೊಡುವುದು. ಬ್ಯಾಂಕಿನವನಾದ ನನಗೆ ಇದು ಬಡ್ಡಿಯೆಂದೇ ಮೊದಲು ಕಂಡಿತು. ಅಲ್ಲ. ಬಡ್ಡಿಯನ್ನು ಕಾಗದ ಕೇಳುತ್ತದೆ. ಈ ಒಂದನ್ನು ಯಾರೂ ಕೇಳುವುದಿಲ್ಲ.

ಅಮ್ಮನಿಂದ ಪಡೆದದ್ದನ್ನು ಅಮ್ಮನಿಗೆ ಹಿಂದಿರುಗಿಸುವ ದಾರಿ ಮುಚ್ಚಿದೆ. ಪಡೆದದ್ದಂತೂ ನನ್ನ ಪುಟದ ನೆತ್ತಿಯಲ್ಲಿ ಇದ್ದೇ ಇದೆ. ಅದನ್ನು ಇಳಿಸಬಹುದಾದ ಖಾತೆ ಮನೆಯಲ್ಲೇ ಇನ್ನೊಂದು ತೆರೆದಿದೆ. ಈಗ ಮಗಳಿಗೆ ನಾನು ‘ಹೈದಿ’ ತೋರಿಸುತ್ತಿದ್ದೇನೆ. ಮೂವತ್ತನೆಯ ಕಂತಿಗೆ ಬಂದಿದ್ದೇವೆ. ಹೈದಿ ಇನ್ನೂ ಫ್ರಾಂಕ್‌ಫರ್ಟಿನಲ್ಲಿದ್ದಾಳೆ. ಬೆಟ್ಟಕ್ಕೆ ಮರಳುತ್ತಾಳೆಂದು ಇಬ್ಬರಿಗೂ ಗೊತ್ತು. ದಿನಕ್ಕೊಂದೇ ಕಂತು, ಅವಸರವಿಲ್ಲ.