ಹೆಬ್ಬಾಗಿಲು ಮತ್ತು ದಿಡ್ಡಿ ಬಾಗಿಲು

ಸಂಚಿಕೆಗೆ ಏನಾದರೂ ಬರೆಯಲೇಬೇಕೆಂದು ಸಂಪಾದಕ ಮಂಡಳಿಯ ಗೆಳೆಯರು ಬೆನ್ನು ಹತ್ತಿದಾಗ, ವಿಷಯ ಯಾವುದೆಂದು ಕೇಳಿದೆ. “ಪ್ರೇಮವೋ ಪ್ರಕೃತಿಯೋ, ಯಾವುದಾದರೂ ಆದೀತು” ಎಂದರು. ಪ್ರೇಮದಲ್ಲಿ ನನಗೆ ಅನುಭವ ಸಾಲದು. ಪ್ರಕೃತಿಯ ಮೇಲೆ ಮೊದಲನೆಯ ವರ್ಷದವರೇ ಒಂದು ಕಟ್ಟು ಕವಿತೆ ಕೊಟ್ಟಿದ್ದಾರಂತೆ. ಆದುದರಿಂದ ಕಳೆದ ವರ್ಷ ನನ್ನನ್ನು ಎರಡು ರಾತ್ರಿ ನಿದ್ದೆಗೆಡಿಸಿದ ಒಂದು ವಸ್ತುವನ್ನೇ ಆರಿಸಿಕೊಂಡಿದ್ದೇನೆ. ಅದು ಲಾಗಿನ್ ಪುಟ. ಎಂದರೆ, ಗಣಕದಲ್ಲಿಯೋ ಮೊಬೈಲಿನಲ್ಲಿಯೋ ಹೆಸರು, ಗುಪ್ತಪದ ಕೇಳಿ ನಮ್ಮನ್ನು ಒಳಗೆ ಬಿಡುವ, ಅಥವಾ ಬಿಡದಿರುವ, ಆ ಬಾಗಿಲು.

ನಮ್ಮ ಊರು ಐನಾಪುರ. ಕೃಷ್ಣೆಯ ನೀರು, ಕಬ್ಬಿನ ಹೊಲ, ಮಾತಿನಲ್ಲಿ ಚಿಟಿಕೆ ಮರಾಠಿ ಎಂದರೆ ಗಡಿ ಭಾಗದ ಗೆಳೆಯರಿಗೆ ಊರು ಕಣ್ಣಿಗೆ ಕಟ್ಟೀತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಹತ್ತಿದ್ದು ವಿದ್ಯಾರ್ಥಿವೇತನದ ಬಲದಿಂದ. ಆ ವೇತನದ ಅರ್ಜಿಯನ್ನು ಈಗ ಕಾಗದದಲ್ಲಿ ಕೊಡುವಂತಿಲ್ಲ, ಜಾಲತಾಣದಲ್ಲಿಯೇ ತುಂಬಬೇಕು. ಯಾವ ಜಾಲತಾಣವೆಂದು ಹೇಳಿ ಯಾರ ಮನಸ್ಸನ್ನೂ ನೋಯಿಸಲಾರೆ.

ಕೊನೆಯ ತಾರೀಖಿಗೆ ಎರಡು ದಿನ ಉಳಿದಿತ್ತು. ರಾತ್ರಿ ಊಟ ಮುಗಿಸಿ ಮೊಬೈಲಿನಲ್ಲಿ ಪುಟ ತೆರೆದೆ. ಮೊದಲು ಲಾಂಛನ ಬಂದಿತು. ಅದರ ಕೆಳಗೆ ಧ್ಯೇಯವಾಕ್ಯ. ಆಮೇಲೆ ದೊಡ್ಡ ದೊಡ್ಡ ಚಿತ್ರಗಳು ಜಾತ್ರೆಯ ರಥದ ಹಾಗೆ ಒಂದೊಂದಾಗಿ ಸಾವಕಾಶವಾಗಿ ಸರಿದವು. ಅವು ಸರಿದು ಮುಗಿಯುವವರೆಗೆ ನಾನು ಭಕ್ತನಂತೆ ಕಾದೆ. ಕೊನೆಗೊಂದು ನೀಲಿ ಚೌಕ ಕಂಡಿತು. ಹೆಸರು ಬರೆದೆ, ಗುಪ್ತಪದ ಬರೆದೆ, ಸೊಟ್ಟಗೆ ಬಿದ್ದ ಅಕ್ಷರಗಳನ್ನು ಓದಿ ನಾನು ಯಂತ್ರವಲ್ಲವೆಂದು ಯಂತ್ರಕ್ಕೆ ರುಜುವಾತು ಮಾಡಿಕೊಟ್ಟೆ. ‘ತಪ್ಪು’ ಎಂದಿತು. ಮತ್ತೆ ಬರೆದೆ, ಮತ್ತೆ ತಪ್ಪು. ಮೂರನೆಯ ಸಲ, ಇನ್ನು ನಾಳೆ ಬಾ ಎಂದು ಬಾಗಿಲು ಹಾಕಿಕೊಂಡಿತು.

ತಪ್ಪು ಏನೆಂದು ಮರುದಿನ ಝೆರಾಕ್ಸ್ ಅಂಗಡಿಯ ಅಣ್ಣ ತೋರಿಸಿಕೊಟ್ಟ. ಆ ಪುಟದಲ್ಲಿ ಇದ್ದದ್ದು ಒಂದು ಚೌಕವಲ್ಲ, ಎರಡು. ಮೇಲಿನದು ಅಧಿಕಾರಿಗಳಿಗೆ, ಇನ್ನಷ್ಟು ಕೆಳಗೆ ಸರಿದರೆ ವಿದ್ಯಾರ್ಥಿಗಳದು. ಎರಡಕ್ಕೂ ಅದೇ ನೀಲಿ, ಅದೇ ಗಾತ್ರ. ಯಾವುದು ಯಾರದೆಂಬುದನ್ನು ನೀಲಿಯ ಮೇಲೆ ಬೂದು ಬಣ್ಣದ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದರು. ಇಡೀ ತಾಣ ಒಂದೇ ಬಣ್ಣದಲ್ಲಿ ಶೋಭಿಸಬೇಕೆಂಬ ಆಸೆಯಿಂದ ಹಾಗೆ ಮಾಡಿದ್ದಿರಬೇಕು. ಶೋಭಿಸಿತು, ಸುಳ್ಳಲ್ಲ. ನಾನು ಮಾತ್ರ ಮೂರು ಸಲ ಅಧಿಕಾರಿಗಳ ಬಾಗಿಲು ಬಡಿದಿದ್ದೆ!

ಮೂರನೆಯ ದಿನ, ಅದೇ ಕೊನೆಯ ದಿನ, ಇನ್ನೊಂದು ತೊಡಕು ಬಂದಿತು. ಒಟಿಪಿ ಬರುವುದು ಅವ್ವನ ಮೊಬೈಲಿಗೆ. ಆಧಾರಿಗೆ ನಂಬರು ಜೋಡಿಸುವಾಗ ಮನೆಯಲ್ಲಿದ್ದುದು ಅದೊಂದೇ ಫೋನು. ಅವ್ವ ಪರರ ಕಬ್ಬಿನಲ್ಲಿ ಕಳೆ ತೆಗೆಯುತ್ತಿದ್ದಳು. ಅವಳಿಗೆ ಅಕ್ಷರ ಬಾರದು, ಅಂಕಿ ಬರುತ್ತವೆ. ಆದರೆ ಸೆರಗಿನ ಗಂಟಿನಿಂದ ಫೋನು ತೆಗೆದು ಆರು ಅಂಕಿ ಓದುವಷ್ಟರಲ್ಲಿ ಅವುಗಳ ಆಯುಷ್ಯ ತೀರಿಹೋಗುತ್ತಿತ್ತು. ಎರಡು ಸಲ ಹೀಗಾದ ಮೇಲೆ ಅರ್ಧ ದಿನದ ಕೂಲಿ ಬಿಟ್ಟು ಅಂಗಡಿಗೇ ಬಂದಳು. ಬಂದವಳು ಗಣಕದ ಪರದೆಯನ್ನು ದಿಟ್ಟಿಸಿ ನೋಡಿದಳು.

“ಎರಡ ತಲಿ ಹಕ್ಕಿ ಐತಿ ನೋಡ ತಮ್ಮಾ. ಹಂಗಾದ್ರ ಸರಕಾರದ್ದ ಐತಿ, ಖರೆ.”

“ಹೌದಬೇ ಯವ್ವಾ.”

“ಹಕ್ಕಿ ಏನೋ ಕಂಡಿತು. ಒಳಗ ಹೋಗೂ ಬಾಗಲಾ ಎಲ್ಲೈತಿ?”

ಅರ್ಜಿ ಮಧ್ಯಾಹ್ನ ಮೂರರ ಹೊತ್ತಿಗೆ ಹೋಯಿತು, ವೇತನವೂ ಬಂದಿತು. ಅವ್ವನ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಅಲ್ಲಿಯವರೆಗೆ ನಾನು ಲಾಂಛನವನ್ನು ಬೈಯುತ್ತಿದ್ದೆ. ಅಷ್ಟೊಂದು ಜಾಗ ತಿಂದು ಕುಳಿತ ಗಂಡಭೇರುಂಡದಿಂದ ಯಾರಿಗೇನು ಉಪಯೋಗ ಎಂದು ನನ್ನ ವಾದ. ಆದರೆ ಆ ಪುಟದಲ್ಲಿ ಅವ್ವ ಓದಬಲ್ಲದ್ದು ಅದೊಂದನ್ನೇ. ಅವಳಿಗೆ ಆ ಹಕ್ಕಿಯೇ ಹೆಸರು, ಅದೇ ವಿಳಾಸ, ಅದೇ ಭರವಸೆ.

ಇದು ಹೊಸ ಮಾತೇನೂ ಅಲ್ಲ. ೧೯೫೧-೫೨ರಲ್ಲಿ ನಮ್ಮ ದೇಶದ ಮೊದಲನೆಯ ಮಹಾಚುನಾವಣೆ ನಡೆದಾಗ ಬೆಳಗಾವಿ ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಮತದಾರರಲ್ಲಿ ಬಹುಪಾಲು ಜನ ನಿರಕ್ಷರಿಗಳು. ಆಗ ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಪೆಟ್ಟಿಗೆ ಇಟ್ಟು, ಅದರ ಮೇಲೆ ಚಿಹ್ನೆ ಅಂಟಿಸಿದ್ದರು. ಕಾಂಗ್ರೆಸ್ಸಿನದು ನೊಗ ಹೊತ್ತ ಜೋಡೆತ್ತು. ಮತ ಹಾಕುವವನು ಎತ್ತನ್ನು ಕಂಡು ಅದೇ ಪೆಟ್ಟಿಗೆಯಲ್ಲಿ ಚೀಟಿ ಹಾಕಿದರೆ ಕೆಲಸ ಮುಗಿಯಿತು. ಗುರುತು ಎಲ್ಲಿಯೋ ಕೈ ಹಾಕುವ ಜಾಗವೂ ಅಲ್ಲಿಯೇ. ನಾವು ಬಾಗಿಲನ್ನು ಹುಡುಕುತ್ತ ಪುಟವನ್ನು ಕೆಳಗೆ ಸರಿಸುವಾಗ ಎತ್ತೇ ಮರೆಯಾಗಿಬಿಡುತ್ತದೆ.

ಗುರುತಿಗೆ ವ್ಯಾಪಾರದವರು ‘ಬ್ರ್ಯಾಂಡ್’ ಎನ್ನುತ್ತಾರೆ. ಆ ಇಂಗ್ಲಿಷ್ ಶಬ್ದದ ಬೇರು ಸುಡುವುದರಲ್ಲಿದೆ. ಕಾದ ಕಬ್ಬಿಣದಿಂದ ದನಕ್ಕೆ ಒಡೆಯನ ಗುರುತು ಹಾಕುವುದರಿಂದ ಈ ಅರ್ಥ ಬೆಳೆಯಿತು. ನಮ್ಮ ಮಾತಿನಲ್ಲಿ ಬರೆ ಹಾಕುವುದು. ಕೆಲವು ಪುಟಗಳಲ್ಲಿ ಬರೆ ಬೀಳುವುದು ದನಕ್ಕಲ್ಲ, ಬಾಗಿಲಿಗೆ ಬಂದವನಿಗೆ.

ಗಣಕದ ಬಾಗಿಲು ಹುಟ್ಟಿದಾಗ ಇಂಥ ಅಲಂಕಾರವಿರಲಿಲ್ಲ. ೧೯೬೦ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಎಂಬವರ ತಂಡ, ಹಲವರು ಒಂದೇ ಗಣಕವನ್ನು ಹಂಚಿಕೊಳ್ಳುವ ವ್ಯವಸ್ಥೆ ಮಾಡಿ, ಒಬ್ಬೊಬ್ಬರಿಗೂ ಒಂದು ಗುಪ್ತಪದ ಕೊಟ್ಟಿತು. ಎದುರಿಗಿದ್ದುದು ಟೈಪ್‌ರೈಟರಿನಂಥ ಯಂತ್ರ. ಅದು ಕೇಳುವುದು, ಇವರು ಬಡಿಯುವುದು, ಅಷ್ಟೇ. ಬಣ್ಣ ತೋರಿಸಲು ಅದಕ್ಕೆ ಪರದೆಯಾದರೂ ಎಲ್ಲಿತ್ತು?

ಅಷ್ಟು ಬೋಳು ಬಾಗಿಲನ್ನು ನಾನು ಬೇಡುತ್ತಿಲ್ಲ. ನಮ್ಮ ಕಡೆಯ ಹಳೆಯ ವಾಡೆಗಳನ್ನು ನೀವು ನೋಡಿರಬಹುದು. ಹೆಬ್ಬಾಗಿಲಿಗೆ ಹಿತ್ತಾಳೆಯ ಗುಬ್ಬಿ, ಚೌಕಟ್ಟಿಗೆ ಕೆತ್ತನೆ. ಮನೆತನದ ಮರ್ಯಾದೆಯೆಲ್ಲ ಅಲ್ಲಿದೆ. ಆ ಬಾಗಿಲನ್ನು ಪೂರ್ತಿ ತೆರೆಯುವುದು ಮದುವೆಗೋ ಹಬ್ಬಕ್ಕೋ. ದಿನನಿತ್ಯ ಹಾಲಿನವನು, ಆಳು, ನೆಂಟ ಎಲ್ಲರೂ ಹೋಗಿಬರುವುದು ಅದೇ ಬಾಗಿಲಿನಲ್ಲಿ ಕೊರೆದ ದಿಡ್ಡಿಯ ಮೂಲಕ. ಕೆತ್ತನೆ ದಿಡ್ಡಿಗೆ ಅಡ್ಡ ಬರುವುದಿಲ್ಲ; ದಿಡ್ಡಿಯಿಂದ ಕೆತ್ತನೆಗೂ ಕುಂದಿಲ್ಲ. ಆ ಬಡಗಿಯ ವಿವೇಕವನ್ನು ನೆನೆದಾಗಲೆಲ್ಲ ಆಶ್ಚರ್ಯವಾಗುತ್ತದೆ. (ಎತ್ತರದವರ ಹಣೆಗೆ ಪೆಟ್ಟು ಬೀಳುವುದುಂಟು, ಅದನ್ನು ಮುಚ್ಚಿಡಲಾರೆ.)

ಇಂದಿನವರಿಗೆ ಈ ವಿವೇಕವಿಲ್ಲವೆಂದೂ ಅಲ್ಲ. ನಮ್ಮ ಸಂತೆಯಲ್ಲಿ ಬದನೆಕಾಯಿ ಮಾರುವ ಅಕ್ಕನ ಮುಂದೆ ನಿಂತು ಹಣ ಕೊಡುವವರನ್ನು ಗಮನಿಸಿರಿ. ಒಬ್ಬನ ಕೈಯಲ್ಲಿ ಫೋನ್‌ಪೇ, ಇನ್ನೊಬ್ಬನಲ್ಲಿ ಗೂಗಲ್ ಪೇ, ಮತ್ತೊಬ್ಬನಲ್ಲಿ ಭೀಮ್. ಒಂದೊಂದಕ್ಕೆ ಒಂದೊಂದು ಬಣ್ಣ, ಒಂದೊಂದು ಠೀವಿ. ಆದರೆ ಗುಪ್ತ ಅಂಕಿ ಒತ್ತುವ ಕ್ಷಣ ಬಂದಾಗ ಎಲ್ಲದರಲ್ಲಿಯೂ ಬಹುಮಟ್ಟಿಗೆ ಒಂದೇ ತೆರನಾದ ಪುಟ ಬರುತ್ತದೆ: ಬ್ಯಾಂಕಿನ ಹೆಸರು, ಹಣದ ಮೊತ್ತ, ಅಂಕಿಗಳು. ೨೦೧೬ರಲ್ಲಿ ಆರಂಭವಾದ ಯುಪಿಐ ಏರ್ಪಾಟಿನಲ್ಲಿ ಆ ಪುಟವನ್ನು ಒದಗಿಸುವುದು ರಾಷ್ಟ್ರೀಯ ಪಾವತಿ ನಿಗಮ. ಕಂಪನಿಗಳ ಠೀವಿಗೆ ಅಲ್ಲಿ ಹೆಚ್ಚಿನ ಜಾಗವಿಲ್ಲ. ಒಂದರಲ್ಲಿ ಕಲಿತವನಿಗೆ ಇನ್ನೊಂದು ಕಷ್ಟವಾಗದು.

ಲಾಂಛನದ ಭರವಸೆಗೂ ಒಂದು ಮಿತಿಯುಂಟು. ಹಕ್ಕಿಯ ಚಿತ್ರವನ್ನು ಯಾವ ಕಳ್ಳನೂ ಕದ್ದು ತನ್ನ ಪುಟಕ್ಕೆ ಅಂಟಿಸಬಲ್ಲ. ವಿಳಾಸದ ಕೊನೆಗೆ ‘ಗವ್ ಡಾಟ್ ಇನ್’ ಎಂಬ ಬಾಲವಿದೆಯೇ ಎಂದು ನೋಡಬೇಕು. ಅದು ಸರ್ಕಾರಿ ಸಂಸ್ಥೆಗಳಿಗೆ ಮೀಸಲು. ಇದನ್ನು ಅವ್ವನಿಗೆ ಹೇಳಿಕೊಟ್ಟೆ. “ಹಕ್ಕೀಗೆ ಬಾಲಾನೂ ನೋಡಬೇಕೇನ?” ಎಂದು ನಕ್ಕಳು.

ಈ ವರ್ಷ ನಮ್ಮ ಗ್ರಂಥಾಲಯದ ಪುಸ್ತಕಗಳ ಪಟ್ಟಿಯನ್ನು ಮೊಬೈಲಿನಲ್ಲಿಯೇ ನೋಡುವ ವ್ಯವಸ್ಥೆ ಆಗಲಿದೆ. ಅದರ ಪ್ರವೇಶ ಪುಟ ಹೇಗಿರಬೇಕೆಂದು ಗ್ರಂಥಪಾಲಕರು ವಿದ್ಯಾರ್ಥಿಗಳನ್ನೂ ಕೇಳಿದರು. ಕಟ್ಟಡದ ದೊಡ್ಡ ಚಿತ್ರ ಬೇಕೆಂದು ಕೆಲವರು, ಕಾಲೇಜಿನ ಲಾಂಛನದ ದೀಪ ಮಿನುಗಬೇಕೆಂದು ಕೆಲವರು. ನಾನು ಒಂದು ಹಾಳೆಯ ಮೇಲೆ ನನ್ನ ಪುಟ ಬರೆದೆ: ಮೇಲೆ ಚಿಕ್ಕ ದೀಪ, ನಡುವೆ ವಿಶಾಲವಾದ ಖಾಲಿ ಜಾಗ, ಕೆಳಗೆ ಕನ್ನಡದಲ್ಲಿ ಹೆಸರಿನ ಚೌಕ. ಬಹಳ ಸರಳವಾಗಿದೆಯೆಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು, ಮನೆಗೆ ಒಯ್ದು ಅವ್ವನ ಮುಂದೆ ಹಿಡಿದೆ.

“ಒಳಗ ಹೋಗಬೇಕಾದ್ರ ಎಲ್ಲಿ ಒತ್ತತಿ, ಯವ್ವಾ?”

ಅವಳು ತಡಮಾಡದೆ ದೀಪದ ಮೇಲೆ ಬೆರಳಿಟ್ಟಳು.

ಹಾಳೆಯನ್ನು ತಿರುವಿ ಹಾಕಿ ಮತ್ತೊಮ್ಮೆ ಬರೆದೆ. ಈ ಸಲ ದೀಪ ಮತ್ತು ಚೌಕ ಒಂದಕ್ಕೊಂದು ತಾಗಿಕೊಂಡಿವೆ. ಆ ಹಾಳೆ ಈಗ ಗ್ರಂಥಪಾಲಕರ ಮೇಜಿನ ಮೇಲಿದೆ; ಕಟ್ಟಡದ ಚಿತ್ರದವರ ಹಾಳೆಯೂ ಅದರ ಪಕ್ಕದಲ್ಲಿಯೇ ಇದೆ.