ನಾವು ನಿಲ್ಲಿಸಿದ ಪದ

ಕಳೆದ ಮಳೆಗಾಲದ ಒಂದು ರಾತ್ರಿ ಇಶಾ ನಮಾಜು ಮುಗಿಸಿ ಮನೆಗೆ ಮರಳಿದಾಗ, ಪಿಯುಸಿ ಓದುತ್ತಿರುವ ನಮ್ಮ ಮಗ ಪಡಸಾಲೆಯ ಕಂಬಕ್ಕೆ ಒರಗಿ, ಕಿವಿಗಳಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ಕುಳಿತಿದ್ದ. ನಾವು ಸಲಾಮ್ ಹೇಳಿದೆವು, ಉತ್ತರ ಬರಲಿಲ್ಲ. ತಂದೆಯ ಸಲಾಮನ್ನೂ ಕೇಳಗೊಡದ ವಸ್ತು ಒಳ್ಳೆಯದಿರಲಾರದೆಂದು ಬಗೆದು, ಗದರಿಸುವ ಉದ್ದೇಶದಿಂದಲೇ ಒಂದು ತಂತಿಯನ್ನು ಎಳೆದು ನಮ್ಮ ಕಿವಿಗೆ ಹಿಡಿದೆವು. ಗಿಟಾರು, ಡ್ರಮ್ಮುಗಳ ಸದ್ದು. ಅದರ ನಡುವೆ ಗುಡುಗುಡಿ ಸೇದುವುದನ್ನೇ ರೂಪಕವಾಗಿಸಿಕೊಂಡ ಒಂದು ಕನ್ನಡ ಪದ. ಗದರಿಸಲು ತೆರೆದ ಬಾಯಿ ಹಾಗೆಯೇ ನಿಂತಿತು. ಆ ಪದವನ್ನು ನಾವು ಬಲ್ಲೆವು.

"ಯಾರದು ಇದು?" ಎಂದೆವು.

"ರಘು ದೀಕ್ಷಿತ್ ಹಾಡಿದ್ದು, ಅಬ್ಬಾ. ಪದ ಮಾತ್ರ ನಮ್ಮ ಕಡೆಯವರದೇ. ಶಿಶುನಾಳ ಶರೀಫ್ ಸಾಹೇಬರದು," ಎಂದು ಅವನು ಹೆದರುತ್ತಲೇ ಉತ್ತರಿಸಿದ.

ಅಂದು ನಾವು ಗದರಿಸಲಿಲ್ಲ. ತಾಳ್ಮೆಯಿಂದ ಸುಮ್ಮನಾದೆವೆಂದು ಓದುಗರು ತಿಳಿಯಬಾರದು. ಆ ಪದವನ್ನು ಇಪ್ಪತ್ತು ವರ್ಷಗಳ ಹಿಂದೆ ಇದೇ ಊರಿನಲ್ಲಿ ಬೇರೊಂದು ಕಂಠದಿಂದ ಕೇಳಿದ್ದೆವು. ಆ ಕಂಠವನ್ನು ನಿಲ್ಲಿಸಿದವರು ನಾವೇ ಆಗಿದ್ದೆವು. ಅದನ್ನು ಹೇಳಿಕೊಳ್ಳುವುದಕ್ಕಾಗಿಯೇ ಈ ಲೇಖನ.

ಹಾವೇರಿ ಜಿಲ್ಲೆಯ ಒಂದು ತುದಿಯಲ್ಲಿ ನಮ್ಮ ಮಾಸೂರು. ಇನ್ನೊಂದು ತುದಿಯಲ್ಲಿ, ಶಿಗ್ಗಾವಿ ತಾಲ್ಲೂಕಿನಲ್ಲಿ, ಶಿಶುನಾಳ. ಕುಮುದ್ವತಿಯ ನೀರು ತುಂಬುವ ಮದಗದ ಕೆರೆಗೂ, ತ್ರಿಪದಿಯ ಸರ್ವಜ್ಞನಿಗೂ ಮಾಸೂರಿನ ಹೆಸರು ಅಂಟಿಕೊಂಡಿದೆ. ಶಿಶುನಾಳಕ್ಕೆ ಅಂಟಿಕೊಂಡ ಹೆಸರು ಶರೀಫ್ ಸಾಹೇಬರದು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಅವರು ಕೆಲಕಾಲ ನಮ್ಮಂತೆಯೇ ಶಾಲಾ ಮಾಸ್ತರರಾಗಿದ್ದವರು. ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಸ್ವೀಕರಿಸಿ, ಸೋರುವ ಮಾಳಿಗೆ, ಗಿರಣಿ, ಕೋಳಿ, ಕೊಡ ಇಂಥ ನಿತ್ಯದ ವಸ್ತುಗಳ ಮೂಲಕ ಬದುಕಿನ ನಶ್ವರತೆಯನ್ನು ಹಾಡಿದರು. ಮೊಹರಂ ಮೇಳಗಳಿಗಾಗಿ ಕರ್ಬಲಾದ ಕುರಿತೂ ಪದಗಳನ್ನು ಕಟ್ಟಿದರು. ಅವರ ಎಲ್ಲ ವಿಚಾರಗಳನ್ನೂ ನಾವು ಒಪ್ಪುತ್ತೇವೆಂದಲ್ಲ. ತೌಹೀದಿನ ವಿಷಯದಲ್ಲಿ ನಮ್ಮ ಅಳತೆಗೋಲು ಕುರ್‌ಆನ್ ಮತ್ತು ಸುನ್ನತ್ ಮಾತ್ರ. ಆದರೆ ಈ ಸೀಮೆಯ ಒಬ್ಬ ಮುಸ್ಲಿಮನು ಕನ್ನಡದ ಬಾಯಲ್ಲಿ ಸಾವನ್ನು ನೆನಪಿಸಿದ ಬಗೆಯನ್ನು ಅಲ್ಲಗಳೆಯಲಾರೆವು.

ಈ ಪದಗಳು ಬಹುಕಾಲ ಭಜನಾ ಮೇಳಗಳಲ್ಲಿ, ಕೂಲಿಕಾರರ ಬಾಯಲ್ಲಿ ಉಳಿದಿದ್ದವು. ಸಿ. ಅಶ್ವಥ್ ಅವರು ಅವುಗಳನ್ನು ನಾಡಿನ ಮನೆಮನೆಗೆ ಒಯ್ದರು. 1990ರಲ್ಲಿ ನಾಗಾಭರಣ ಅವರ ಚಲನಚಿತ್ರ ಬಂದ ಮೇಲಂತೂ ಶರೀಫರನ್ನು ಅರಿಯದ ಕನ್ನಡಿಗನಿಲ್ಲವೆಂಬಂತಾಯಿತು. ಇವು ನಮಗೆ ತಿಳಿದಿದ್ದ ಸಂಗತಿಗಳು. ಮುಂದಿನದನ್ನು ಮಗನಿಂದ ಕಲಿತೆವು. ಚಲನಚಿತ್ರದ ಹಂಗಿಲ್ಲದೆ, ತಾವೇ ಪದ ಆಯ್ದು, ತಾವೇ ರಾಗ ಕಟ್ಟಿ, ಊರೂರು ತಿರುಗಿ ಹಾಡುವ ತಂಡಗಳಿವೆಯಂತೆ. ಅದಕ್ಕೆ ಇಂಡೀ ಸಂಗೀತವೆಂದು ಹೆಸರಂತೆ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರ ಮೊದಲ ಆಲ್ಬಂ 2008ರಲ್ಲಿ ಬಂದಿತು. ಮರುವರ್ಷ ಬೆಂಗಳೂರಿನ 'ಸ್ವರಾತ್ಮ' ತಂಡದ ಮೊದಲ ಆಲ್ಬಂ ಬಂದಿತು. 2011ರಲ್ಲಿ ಬ್ರಿಟನ್ನಿನ 'ಸಾಂಗ್‌ಲೈನ್ಸ್' ಪತ್ರಿಕೆಯು ಜಗತ್ತಿನ ಸಂಗೀತದ ಹೊಸಬರಿಗೆ ಕೊಡುವ ಪ್ರಶಸ್ತಿಯನ್ನು ರಘು ದೀಕ್ಷಿತರ ತಂಡಕ್ಕೆ ಕೊಟ್ಟಿತು. ಎರಡನೆಯ ಆಲ್ಬಂ 2013ರಲ್ಲಿ ಬಂದಿತು. ಹಳೆಯದನ್ನೆಲ್ಲ ಹುಡುಕಿ ಕೇಳಿ ಮುಗಿಸಿದ ನಮ್ಮ ಮಗ, ನಾವು ಹುಡುಗರಾಗಿದ್ದಾಗ ವಾರಪತ್ರಿಕೆಗಾಗಿ ಅಂಚೆಯಣ್ಣನನ್ನು ಕಾಯುತ್ತಿದ್ದಂತೆ, ಹೊಸ ಹಾಡುಗಳಿಗಾಗಿ ಕಾಯುತ್ತಾನೆ. ಶಿಶುನಾಳದ ಓಣಿಯ ಪದ ಲಂಡನ್ನಿನ ವೇದಿಕೆಯನ್ನು ಏರಿದೆ. ಅದೇ ಜಿಲ್ಲೆಯವರಾದ ನಾವು ಅದಕ್ಕೆ ಬಾಗಿಲು ಮುಚ್ಚಿದ್ದೆವು.

ನಾವು ಮದರಸದ ಶಿಕ್ಷಣ ಮುಗಿಸಿ ಊರಿಗೆ ಮರಳಿದಾಗ ನಮ್ಮ ವಯಸ್ಸು ಇಪ್ಪತ್ತಮೂರು. ಪಿಂಜಾರ ಓಣಿಯಲ್ಲಿ ಹತ್ತಿ ಎಕ್ಕಿ ಗಾದಿ ಹೊಲಿಯುತ್ತಿದ್ದ ವೃದ್ಧರೊಬ್ಬರಿದ್ದರು. ಊರಿಗೆಲ್ಲ ಅವರು ಚಾಚಾ. ಅಕ್ಷರ ಕಲಿತವರಲ್ಲ. ಆದರೆ ಮೊಹರಂ ಚಂದ್ರ ಕಂಡೊಡನೆ ಓಣಿಯ ಹುಡುಗರನ್ನು, ಹಿಂದೂ-ಮುಸ್ಲಿಮರೆನ್ನದೆ, ಕಲೆಹಾಕಿ ರಿವಾಯತ ಪದಗಳನ್ನು ಕಲಿಸುತ್ತಿದ್ದರು. ಹಿಜರಿ 61ರ ಕರ್ಬಲಾ, ಫುರಾತ್ ನದಿಯ ದಂಡೆಯ ನೀರಡಿಕೆ, ಇಮಾಮ್ ಹುಸೈನ್(ರ) ಅವರ ಹುತಾತ್ಮತೆ ಇವೆಲ್ಲವೂ ನಮ್ಮ ಊರಿನ ಕುರುಬರ, ಬೇಡರ ಮಕ್ಕಳಿಗೆ ತಿಳಿದದ್ದು ಅವರ ಬಾಯಿಂದ. ಉಳಿದ ದಿನಗಳಲ್ಲಿ ಬಿಲ್ಲಿನ ತಂತಿ ಮಿಡಿಯುತ್ತ, ಅದೇ ಲಯಕ್ಕೆ ಶರೀಫರ ಪದಗಳನ್ನು ಗುನುಗುತ್ತಿದ್ದರು.

ಮೊಹರಮಿನಲ್ಲಿ ಒಪ್ಪಲಾಗದ ಆಚರಣೆಗಳೂ ಇದ್ದವು: ಪಂಜಾಗಳಿಗೆ ಹರಕೆ, ಕೆಂಡ ಹಾಯುವುದು, ಅಲ್ಲಾಹನಲ್ಲಿ ಬೇಡಬೇಕಾದುದನ್ನು ಅನ್ಯರಲ್ಲಿ ಬೇಡುವುದು. ಅವುಗಳ ಕುರಿತು ಮಾತನಾಡುವುದು ನಮ್ಮ ಹೊಣೆಯಾಗಿತ್ತು, ಇಂದಿಗೂ ಆಗಿದೆ. ಆದರೆ ಹೊಸದಾಗಿ ಮೂಡಿದ ಗಡ್ಡ, ಹೊಸದಾಗಿ ಕಟ್ಟಿದ ಪೇಟ, ಹೊಸದಾಗಿ ದೊರೆತ ಮಿಂಬರು ನಮಗೆ ವಿವೇಕವನ್ನು ಉಳಿಸಿರಲಿಲ್ಲ. ಒಂದು ಜುಮಾದಂದು ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿ ಖಂಡಿಸಿದೆವು. ಹೆಸರು ಹೇಳಲಿಲ್ಲ; ಆದರೆ ನಮ್ಮ ಕಣ್ಣು ಮೊದಲ ಸಾಲಿನಲ್ಲಿ ಕುಳಿತಿದ್ದ ಚಾಚಾ ಅವರ ಮೇಲಿತ್ತು, ಜನರ ಕಣ್ಣುಗಳೂ ಅತ್ತಲೇ ತಿರುಗಿದವು. ನಮಾಜು ಮುಗಿದ ಮೇಲೆ ಅವರು ಬಳಿಗೆ ಬಂದು, ನಮ್ಮ ಅರ್ಧ ವಯಸ್ಸೂ ಇಲ್ಲದವನೆಂದು ಎಣಿಸದೆ ಎರಡೂ ಕೈಗಳಿಂದ ಮುಸಾಫಹಾ ಮಾಡಿ, "ಆತ್ರಿ ಹಜರತ್, ಇನ್ನ ಹಾಡಂಗಿಲ್ಲ," ಎಂದರು. ಅಷ್ಟೇ.

ಮಾತಿಗೆ ತಪ್ಪಲಿಲ್ಲ. ಮಸೀದಿಯನ್ನು ಬಿಡಲಿಲ್ಲ, ಆದರೆ ಅಂದಿನಿಂದ ಕೊನೆಯ ಸಾಲಿನಲ್ಲಿ ನಿಲ್ಲತೊಡಗಿದರು. ಇದನ್ನು ನಾವು ನಮ್ಮ ಗೆಲುವೆಂದು ಭಾವಿಸಿದೆವು. ನಾಲ್ಕು ವರ್ಷಗಳ ಬಳಿಕ ಅವರ ಜನಾಝಾ ನಮಾಜನ್ನು ನಾವೇ ನಡೆಸಿದೆವು. ಆ ನಡುವೆ ನಾವು ಕನ್ನಡದಲ್ಲಿ ಬಿ.ಎ. ಪದವಿಗೆ ಓದುತ್ತಿದ್ದೆವು. ಪರೀಕ್ಷೆಯಲ್ಲಿ ತತ್ವಪದಗಳ ಕುರಿತ ಪ್ರಶ್ನೆಗೆ ನಾಲ್ಕು ಪುಟ ಉತ್ತರ ಬರೆದು ಒಳ್ಳೆಯ ಅಂಕ ಪಡೆದೆವು. ಆ ಉತ್ತರವನ್ನು ಬದುಕಿ ತೋರಿಸಿದವರು ನಮ್ಮ ಓಣಿಯಲ್ಲೇ ಮೌನವಾಗಿ ಹತ್ತಿ ಎಕ್ಕುತ್ತಿದ್ದರೆಂಬುದು ಆಗ ಹೊಳೆಯಲಿಲ್ಲ.

ಸಂಗೀತದ ಕುರಿತು ಧರ್ಮಶಾಸ್ತ್ರದ ನಿಲುವೇನೆಂದು ಓದುಗರು ಕೇಳಬಹುದು. ಲುಕ್ಮಾನ್ ಅಧ್ಯಾಯದ 6ನೆಯ ಸೂಕ್ತವು ಅಲ್ಲಾಹನ ಮಾರ್ಗದಿಂದ ತಪ್ಪಿಸುವ ವ್ಯರ್ಥ ಮಾತನ್ನು ಖಂಡಿಸುತ್ತದೆ, ಹ. ಇಬ್ನು ಮಸ್‌ಊದ್(ರ) ಅದನ್ನು ಹಾಡೆಂದೇ ವಿವರಿಸಿದ್ದಾರೆ. ವಾದ್ಯಗಳನ್ನು ಮದ್ಯದೊಂದಿಗೆ ಹೆಸರಿಸಿ ಎಚ್ಚರಿಸುವ ಹದೀಸು ಬುಖಾರಿಯಲ್ಲಿದೆ. ನಾಲ್ಕು ಮದ್‌ಹಬ್‌ಗಳ ಬಹುಪಾಲು ವಿದ್ವಾಂಸರು ವಾದ್ಯಗಳನ್ನು ನಿಷೇಧಿಸಿದ್ದಾರೆ. ಮತ್ತೊಂದೆಡೆ, ಈದ್ ದಿನ ಹ. ಆಯಿಶಾ(ರ) ಅವರ ಮನೆಯಲ್ಲಿ ಇಬ್ಬರು ಬಾಲಕಿಯರು ದಫ್ ಬಾರಿಸಿ ಹಾಡುತ್ತಿದ್ದಾಗ ಹ. ಅಬೂಬಕರ್(ರ) ಗದರಿಸಿದರು, ಪ್ರವಾದಿ(ಸ) ಅವರು ಆ ಮಕ್ಕಳನ್ನು ಅವರ ಪಾಡಿಗೆ ಬಿಡುವಂತೆ ಹೇಳಿದರು. ಹ. ಅಬೂ ಮೂಸಾ ಅಶ್‌ಅರೀ(ರ) ಅವರ ಕುರ್‌ಆನ್ ಪಾರಾಯಣದ ಇಂಪನ್ನು ಪ್ರವಾದಿ(ಸ) ಅವರು ದಾವೂದರ(ಅ) ಮನೆತನದ ಇಂಪಿಗೆ ಹೋಲಿಸಿ ಮೆಚ್ಚಿದರು. ಇಮಾಮ್ ಗಝಾಲಿಯವರು 'ಇಹ್ಯಾ'ದಲ್ಲಿ ಈ ವಿಷಯಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟು, ಹಾಡಿನ ಮಾತು, ಸಂದರ್ಭ, ಕೇಳುವವನ ಮನಸ್ಸು ಇವುಗಳನ್ನು ತೂಗಿ ನೋಡಿದರು. ಇಬ್ನು ಹಝ್ಮ್ ಅವರು ನಿಷೇಧದ ಹದೀಸುಗಳನ್ನೇ ಪ್ರಶ್ನಿಸಿದರು. ಇಲ್ಲಿ ನಾವು ಹೊಸ ಫತ್ವಾ ನೀಡುತ್ತಿಲ್ಲ. ವಾದ್ಯಗಳ ವಿಷಯದಲ್ಲಿ ನಮ್ಮ ಎಚ್ಚರಿಕೆ ಇಂದಿಗೂ ಸಡಿಲಾಗಿಲ್ಲ. ಆದರೆ ಇಷ್ಟು ದೊಡ್ಡವರು ಇಷ್ಟು ಎಚ್ಚರದಿಂದ ಬಿಡಿಸಿದ ಗಂಟನ್ನು ನಾವು ಒಂದು ಜುಮಾ ಭಾಷಣದಲ್ಲಿ ಕತ್ತರಿಯಿಂದ ಕತ್ತರಿಸಿದೆವು. ಫಿರ್‌ಔನನಂಥ ದುರಹಂಕಾರಿಯೊಂದಿಗೂ ಮೃದುವಾಗಿ ಮಾತನಾಡಿರೆಂದು ಅಲ್ಲಾಹನು ಮೂಸಾ(ಅ) ಮತ್ತು ಹಾರೂನರಿಗೆ(ಅ) ಆಜ್ಞಾಪಿಸಿದ್ದನ್ನು ನಾವು ಮಕ್ಕಳಿಗೆ ಪ್ರತಿವರ್ಷ ಪಾಠ ಹೇಳುತ್ತೇವೆ. ನಮ್ಮ ಚಾಚಾ ಫಿರ್‌ಔನನಾಗಿರಲಿಲ್ಲ. ಐದು ಹೊತ್ತು ನಮಾಜು ಮಾಡುವ ಪಿಂಜಾರರಾಗಿದ್ದರು.

ಕಳೆದ ಚಳಿಗಾಲದಲ್ಲಿ ಸಮೀಪದ ಪಟ್ಟಣದಲ್ಲಿ ತತ್ವಪದಗಳ ಕಾರ್ಯಕ್ರಮವೊಂದು ನಡೆಯಿತು. ಬೆಂಗಳೂರಿನ ಯುವತಂಡವೊಂದು ಬಂದಿತ್ತು. ಮಗ ಅನುಮತಿ ಕೇಳಿದ. ನಮಾಜು ತಪ್ಪಬಾರದೆಂಬ ಷರತ್ತು ಹಾಕಿ, ಕಾವಲಿಗೆಂದು ನಾವೂ ಹೊರಟೆವು. ಏಕತಾರಿ, ದಮ್ಮಡಿಗಳ ಜೊತೆಗೆ ಗಿಟಾರು. ರೈತರು, ಕಾಲೇಜಿನ ಹುಡುಗರು, ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡ ನಮ್ಮ ಸಮುದಾಯದ ತಾಯಂದಿರೂ ಬಂದಿದ್ದರು. ಸಭೆಯ ಕೊನೆಯಲ್ಲಿ ನಿಂತು ತಪ್ಪು ಹುಡುಕಲೆಂದೇ ಕೇಳತೊಡಗಿದ ನಾವು, ದೇಹವೆಂಬ ಮನೆ ಬೀಳುವ ಕುರಿತಾದ ಪದವೊಂದರ ನಡುವೆ ಎಲ್ಲಿ ನಿಂತಿದ್ದೇವೆಂಬುದನ್ನೂ ಮರೆತೆವು. ಆಗ ಮಗ ತೋಳು ಮುಟ್ಟಿ, "ಅಬ್ಬಾ, ಇಶಾದ ಹೊತ್ತಾಯಿತು," ಎಂದ. ಕಾವಲಿಗೆ ಬಂದವರು ಮೈಮರೆತಿದ್ದೆವು, ಕಾವಲಿಗೊಳಗಾದವನು ಎಚ್ಚರದಲ್ಲಿದ್ದ. ಮರೆಸುವ ಗುಣ ಹಾಡಿಗಿದೆಯೆಂದು ಹಿರಿಯರು ಎಚ್ಚರಿಸಿದ್ದು ಸುಳ್ಳಲ್ಲವೆಂದು ಆ ಕ್ಷಣ ಅರಿವಾಯಿತು. ನಮ್ಮ ಮಗನನ್ನು ನಾವು ಸರಿಯಾಗಿ ಅರಿತಿರಲಿಲ್ಲವೆಂಬುದೂ ಅರಿವಾಯಿತು.

ಜಮಾಅತ್ ಮುಗಿಸಿ ಮರಳಿದಾಗ ಹಾಡುಗಾರನು ಸಭಿಕರೊಂದಿಗೆ ಮಾತನಾಡುತ್ತಿದ್ದ. "ಪುಸ್ತಕದಲ್ಲಿ ಪದ ಸಿಗುತ್ತದೆ, ಧಾಟಿ ಸಿಗುವುದಿಲ್ಲ. ಹಿರೇಕೆರೂರು, ಮಾಸೂರು ಕಡೆಯ ಹಳೆಯ ರಿವಾಯತ ಧಾಟಿ ಬಲ್ಲವರು ಯಾರಾದರೂ ಇದ್ದಾರೆಯೇ?" ಎಂದು ಕೇಳಿದ. ಮಗ ನಮ್ಮ ಮುಖ ನೋಡಿದ. ನಾವು ನೆಲ ನೋಡಿದೆವು.

ಬಸ್ಸಿನಲ್ಲಿ ಮರಳುವಾಗ ಅವನಿಗೆ ಎಲ್ಲವನ್ನೂ ಹೇಳಿದೆವು. ಅವನು ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದು, "ಅವರು ಮತ್ತೆ ಮೊದಲ ಸಾಲಿಗೆ ಬರಲಿಲ್ಲವೇ ಅಬ್ಬಾ?" ಎಂದು ಮಾತ್ರ ಕೇಳಿದ. ಹಾಡಿನ ವಿಷಯವನ್ನು ಅವನು ಎತ್ತಲೇ ಇಲ್ಲ. ನಮ್ಮ ತಪ್ಪು ಎಲ್ಲಿತ್ತೆಂಬುದನ್ನು ಹದಿನೇಳರ ಹುಡುಗ ಒಂದು ಪ್ರಶ್ನೆಯಲ್ಲಿ ತೋರಿಸಿದ್ದ.

ಮರುದಿನ ಅಸರ್ ಬಳಿಕ ಅವನನ್ನು ಕರೆದುಕೊಂಡು ಚಾಚಾ ಅವರ ಮನೆಗೆ ಹೋದೆವು. ಚಾಚಿ ಈಗ ತೀರ ವೃದ್ಧೆ, ಕಣ್ಣು ಮಂಜು. ಕ್ಷಮೆ ಕೇಳಲು ಬಂದಿದ್ದೇವೆಂದಾಗ, "ಅವರು ನಿಮ್ಮ ಮ್ಯಾಲೆ ಸಿಟ್ಟ ಮಾಡ್ಕೊಂಡಿರಲಿಲ್ರಿ. ಓದಿದ ಹುಡುಗ ಹೇಳ್ಯಾನ, ಸುಳ್ಳ ಇರಂಗಿಲ್ಲ ಅಂತಿದ್ರು," ಎಂದರು. ಈ ಮಾತಿಗಿಂತ ಸಿಟ್ಟೇ ಹಗುರವಾಗಿರುತ್ತಿತ್ತು. ಪದಗಳೇನಾದರೂ ನೆನಪಿವೆಯೇ ಎಂದು ಮಗ ಕೇಳಿದ. ಅವರು ನಮ್ಮತ್ತ ಮುಖ ತಿರುಗಿಸಿ, "ಈಗ ಹಾಡಿದ್ರ ನಡೀತೈತೇನ್ರಿ ಹಜರತ್?" ಎಂದರು.

ಒಬ್ಬ ವಿಧವೆ ತನ್ನ ಗಂಡನ ನೆನಪನ್ನು ತನ್ನ ಮನೆಯಲ್ಲೇ ಹಾಡಲು ನಮ್ಮ ಅಪ್ಪಣೆ ಕೇಳುತ್ತಿದ್ದರು. "ನಡೆಯುತ್ತದೆ ಚಾಚಿ," ಎಂದೆವು. ವಾದ್ಯವಿಲ್ಲ, ಗೆಜ್ಜೆಯಿಲ್ಲ, ನಡುಗುವ ಬರಿಯ ಕಂಠದಲ್ಲಿ, ಫುರಾತಿನ ದಂಡೆಯಲ್ಲಿ ನೀರಿಗಾಗಿ ಕಾತರಿಸಿದ ಮಗುವಿನ ಪದವನ್ನು ಒಂದೂವರೆ ನುಡಿಯಷ್ಟು ಹಾಡಿದರು. ಉಳಿದದ್ದು ನೆನಪಾಗಲಿಲ್ಲ. ಮಗ ಅದನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡ. ಊರಿನ ಮೇಳದ ನೂರಾರು ಪದಗಳಲ್ಲಿ ಈಗ ಉಳಿದಿರುವುದು ಆ ಒಂದೂವರೆ ನುಡಿ.

ತಂದೆತಾಯಂದಿರೇ, ನಿಮ್ಮ ಮಕ್ಕಳ ಕಿವಿಯಲ್ಲಿ ತಂತಿ ಕಂಡಾಗ ಕಿತ್ತೆಸೆಯುವ ಮೊದಲು ಒಮ್ಮೆ ನಿಮ್ಮ ಕಿವಿಗೆ ಹಿಡಿಯಿರಿ. ಅಲ್ಲಿ ಅಶ್ಲೀಲವಿದ್ದರೆ, ನಮಾಜನ್ನು ನುಂಗುವ ಮೈಮರೆವಿದ್ದರೆ ತಡೆಯಿರಿ. ಅದು ನಿಮ್ಮ ಹೊಣೆ. ಆದರೆ ಏನನ್ನು ತಡೆಯುತ್ತಿದ್ದೀರೆಂದು ತಿಳಿದು ತಡೆಯಿರಿ, ಮೃದುವಾಗಿ ತಡೆಯಿರಿ. ನಮ್ಮಂತಹ ಬೋಧಕರಿಗೆ ಇನ್ನೊಂದು ಮಾತು: ಮಿಂಬರಿನ ಮೇಲಿನಿಂದ ಕಾಣುವಾಗ ಮೊದಲ ಸಾಲು ಬಹಳ ಕೆಳಗಿರುವಂತೆ ತೋರುತ್ತದೆ. ಇಳಿದು ಸಜ್ದಾ ಮಾಡುವಾಗ ನಮ್ಮ ಹಣೆಯೂ ಅದೇ ನೆಲವನ್ನೇ ಮುಟ್ಟುತ್ತದೆ.

ಅಲ್ಲಾಹನು ನಮ್ಮ ಚಾಚಾ ಅವರ ಕಬರನ್ನು ಬೆಳಗಿಸಲಿ, ಪರಲೋಕದಲ್ಲಿ ಅವರಿಗೆ ಮೊದಲ ಸಾಲಿನ ಸ್ಥಾನವನ್ನು ನೀಡಲಿ, ನಮ್ಮ ನಾಲಿಗೆಯ ಒರಟುತನವನ್ನು ಮನ್ನಿಸಲಿ. ಆಮೀನ್.